ಪಿಕಪ್ ಎತ್ತರಿಸುವ ಮುನ್ನ: ಪಾಟಾ, ಶಾಕಪ್ ಮತ್ತು ಸಹ್ಯಾದ್ರಿಯ ಕಚ್ಚಾ ದಾರಿ

ಲೋಣಾವಳದಿಂದ ರಾಜಮಾಚಿ ಕೋಟೆಯ ಬುಡದಲ್ಲಿರುವ ಉಧೇವಾಡಿಗೆ ಹೋಗುವ ಕಚ್ಚಾ ದಾರಿ ಹದಿನೈದು ಕಿಲೋಮೀಟರಿನ ಆಸುಪಾಸಿನದು. ದೀಪಾವಳಿಯ ಹೊತ್ತಿಗೆ ಮಳೆ ನಿಂತು, ಕೆಸರು ಆರಿ, ನೀರು ಕೊರೆದ ಕೊರಕಲುಗಳ ನಡುವೆ ಕಪ್ಪುಕಲ್ಲಿನ ಏಣುಗಳು ಎದ್ದು ಕಾಣುವಾಗ ನಾನು ಆ ದಾರಿಯಲ್ಲಿ ನನ್ನ ಪಿಕಪ್ಪನ್ನು ಒಯ್ದಿದ್ದೆ. ಹದಿನೈದು ದಿನ ಮೊದಲು ಪಿಂಪ್ರಿಯ ಕಡೆಯ ಒಂದು ಗ್ಯಾರೇಜಿನಲ್ಲಿ ಮುಂದಿನ ಸ್ಪ್ರಿಂಗುಗಳ ನೆತ್ತಿಗೆ ಸ್ಪೇಸರ್, ಅಂದರೆ ಎತ್ತರ ಕೊಡುವ ದಪ್ಪ ಬಿಲ್ಲೆ, ಕೂರಿಸಿ, ಹಿಂದಿನ ಪಾಟಾಗಳಿಗೆ, ಅಂದರೆ ಉಕ್ಕಿನ ಪಟ್ಟಿಗಳನ್ನು ಜೋಡಿಸಿ ಮಾಡಿದ ಸ್ಪ್ರಿಂಗುಗಳಿಗೆ, ಒಂದೊಂದು ಪಟ್ಟಿ ಸೇರಿಸಿ, ಗಾಡಿಯನ್ನು ಎರಡೂವರೆ ಇಂಚಿನಷ್ಟು ಎತ್ತರಿಸಿಕೊಂಡಿದ್ದೆ. ನೋಡುವುದಕ್ಕೆ ಚೆನ್ನಾಗಿಯೇ ಇತ್ತು. ಆದರೆ ಮೊದಲ ಕೊರಕಲಿನಿಂದಲೇ ಹಿಂಬದಿಯಲ್ಲಿ ಚಕ್ರ ತಗ್ಗಿಗೆ ಇಳಿದಾಗಲೆಲ್ಲ 'ಟಕ್' ಎಂದು ಲೋಹಕ್ಕೆ ಲೋಹ ಬಡಿಯುವ ಸದ್ದು ಬರುತ್ತಿತ್ತು. ಊರು ಇನ್ನೂ ನಾಲ್ಕು ಕಿಲೋಮೀಟರ್ ಇರುವಾಗ ಇಳಿದು ಬಗ್ಗಿ ನೋಡಿದರೆ ಮುಂದಿನ ಎಡಚಕ್ರದ ರಿಮ್ಮಿನ ಒಳಮೈಗೆಲ್ಲ ಕಪ್ಪು ಗ್ರೀಸ್ ಚಿಮ್ಮಿತ್ತು. ಚಕ್ರವನ್ನು ತಿರುಗಿಸುವ ಶಾಫ್ಟಿನ ಸಿವಿ ಜಾಯಿಂಟಿಗೆ, ಅಂದರೆ ತಿರುಗುತ್ತಲೇ ಬಾಗಬಲ್ಲ ಕೀಲಿಗೆ, ಹೊದಿಸಿದ್ದ ರಬ್ಬರ್ ಬೂಟು ಮಡಿಕೆಯಲ್ಲೇ ಸೀಳಿಕೊಂಡಿತ್ತು.

ಹಿಂದಿನ ಸದ್ದು ಮತ್ತು ಮುಂದಿನ ಗ್ರೀಸು ಬೇರೆ ಬೇರೆ ಕಾಯಿಲೆಗಳಂತೆ ಕಂಡರೂ ಮೂಲ ಒಂದೇ: ನಾನು ದುಡ್ಡು ಕೊಟ್ಟದ್ದು ಎತ್ತರಕ್ಕೆ, ನನಗೆ ಬೇಕಾಗಿದ್ದದ್ದು ಚಕ್ರದ ಓಡಾಟ. ಹದಗೆಟ್ಟ ದಾರಿಯಲ್ಲಿ ಸಸ್ಪೆನ್ಷನ್ನಿನ ಮುಖ್ಯ ಕೆಲಸ ಗಾಡಿಯನ್ನು ಎತ್ತಿ ಹಿಡಿಯುವುದಲ್ಲ, ನಾಲ್ಕೂ ಟೈರುಗಳು ನೆಲ ಬಿಡದಂತೆ ನೋಡಿಕೊಳ್ಳುವುದು. ಎಂಜಿನ್ನಿನ ಬಲವನ್ನು ಎಡಬಲ ಚಕ್ರಗಳಿಗೆ ಹಂಚುವ ಗೇರುಪೆಟ್ಟಿಗೆಯೇ ಡಿಫರೆನ್ಷಿಯಲ್. ಸಾಮಾನ್ಯ ಡಿಫರೆನ್ಷಿಯಲ್ ಎರಡು ಚಕ್ರಗಳಿಗೂ ಸಮನಾದ ತಿರುಚುಬಲವನ್ನು ಹಂಚುತ್ತದೆ; ಒಂದು ಚಕ್ರ ಗಾಳಿಯಲ್ಲಿ ತೂಗಿದರೆ ಅದನ್ನು ತಿರುಗಿಸಲು ಬಲವೇ ಬೇಡವಾದ್ದರಿಂದ, ನೆಲದ ಮೇಲಿರುವ ಇನ್ನೊಂದು ಚಕ್ರಕ್ಕೂ ಅಷ್ಟೇ ಅತ್ಯಲ್ಪ ಬಲ ಸಿಗುತ್ತದೆ, ಗಾಡಿ ನಿಂತಲ್ಲೇ ನಿಲ್ಲುತ್ತದೆ. ಟೊಯೊಟಾ ಹೈಲಕ್ಸ್‌ನಂಥ ಗಾಡಿಗಳಲ್ಲಿ ಹಿಂದಿನ ಡಿಫರೆನ್ಷಿಯಲ್ ಅನ್ನು ಲಾಕ್ ಮಾಡುವ ಸೌಲಭ್ಯ ಇರುವುದು ಈ ಸಂಕಟಕ್ಕಾಗಿಯೇ. ಲಾಕ್ ಇಲ್ಲದ ಗಾಡಿಯಲ್ಲಿ ಚಕ್ರ ಎಷ್ಟು ಕೆಳಗಿಳಿಯಬಲ್ಲದು, ಎಷ್ಟು ಮೇಲೇರಬಲ್ಲದು ಎಂಬುದೇ ಗಾಡಿ ದಾಟುತ್ತದೋ ಸಿಕ್ಕಿಬೀಳುತ್ತದೋ ಎಂಬುದನ್ನು ತೀರ್ಮಾನಿಸುತ್ತದೆ.

ನಮ್ಮಲ್ಲಿ ಸಿಗುವ ನಾಲ್ಕು ಚಕ್ರ ಚಾಲನೆಯ ಪಿಕಪ್‌ಗಳಲ್ಲಿ, ಇಸುಜು ವಿ-ಕ್ರಾಸ್ ಇರಲಿ ಹೈಲಕ್ಸ್ ಇರಲಿ, ರಚನೆ ಹೆಚ್ಚುಕಡಿಮೆ ಒಂದೇ. ಮುಂದಿನ ಎರಡು ಚಕ್ರಗಳು ಪ್ರತ್ಯೇಕವಾಗಿ ಏರಿಳಿಯುತ್ತವೆ. ಪ್ರತಿಯೊಂದಕ್ಕೂ ಮೇಲೊಂದು ಕೆಳಗೊಂದು ತೋಳು, ನಡುವೆ ಸುರುಳಿ ಸ್ಪ್ರಿಂಗು, ಅದರೊಳಗೆ ಶಾಕ್ ಅಬ್ಸಾರ್ಬರ್, ಅಂದರೆ ಗ್ಯಾರೇಜಿನ ಭಾಷೆಯ ಶಾಕಪ್. ಹಿಂದೆ ಒಂದೇ ಗಟ್ಟಿ ಅಚ್ಚು, ಅದನ್ನು ಹೊತ್ತ ಎರಡು ಲೀಫ್ ಸ್ಪ್ರಿಂಗುಗಳು. ಇವನ್ನೇ ಮರಾಠಿಯವರು ಪಾಟಾ ಎನ್ನುತ್ತಾರೆ, ಪುಣೆಯಲ್ಲಿ ನೆಲೆಸಿರುವ ನಮ್ಮ ಕನ್ನಡಿಗರ ಬಾಯಲ್ಲೂ ಅದೇ ಮಾತು ನಿಂತಿದೆ. ಮುಂಭಾಗದ ಮತ್ತು ಹಿಂಭಾಗದ ಸಮಸ್ಯೆಗಳು ಬೇರೆಯಾಗಿರುವುದರಿಂದ ಎರಡಕ್ಕೂ ಒಂದೇ ಮದ್ದು ಹಾಕುವ 'ಲಿಫ್ಟ್ ಕಿಟ್' ಜಾಹೀರಾತುಗಳನ್ನು ಸ್ವಲ್ಪ ಅನುಮಾನದಿಂದಲೇ ನೋಡುವುದು ಒಳ್ಳೆಯದು.

ಮೊದಲು ಹಿಂಭಾಗವನ್ನು ನೋಡೋಣ, ಏಕೆಂದರೆ ಪಿಕಪ್ಪಿನ ಮೂಲ ದ್ವಂದ್ವ ಇರುವುದು ಅಲ್ಲಿಯೇ. ಈ ಪಾಟಾಗಳನ್ನು ಖಾಲಿ ಗಾಡಿಗಾಗಿ ರೂಪಿಸಿರುವುದಿಲ್ಲ, ಹೇರಿದ ಗಾಡಿಗಾಗಿ ರೂಪಿಸಿರುತ್ತಾರೆ. ಲೆಕ್ಕ ಸುಲಭವಾಗಲೆಂದು ಕೆಲವು ಅಂಕಿಗಳನ್ನು ಹಿಡಿಯೋಣ: ಖಾಲಿ ಗಾಡಿಯಲ್ಲಿ ಒಂದೊಂದು ಪಾಟಾದ ಮೇಲೆ 300 ಕೆಜಿ ಭಾರ, ಪಾಟಾ ಒಂದು ಮಿಲಿಮೀಟರ್ ಬಗ್ಗಲು 50 ನ್ಯೂಟನ್ ಬಲ. ಇಂಥ ಹಿಂಭಾಗವನ್ನು ಒಮ್ಮೆ ಒತ್ತಿ ಬಿಟ್ಟರೆ ಅದು ಸೆಕೆಂಡಿಗೆ ಸುಮಾರು 2 ಸಲ ಏರಿಳಿಯುತ್ತದೆ. ಹಿಂದೆ 800 ಕೆಜಿ ಸಾಮಾನು ಹೇರಿ ಒಂದೊಂದು ಪಾಟಾದ ಮೇಲಿನ ಭಾರ 700 ಕೆಜಿ ಆಯಿತೆಂದರೆ ಆ ಏರಿಳಿತ ಸೆಕೆಂಡಿಗೆ 1.3ಕ್ಕೆ ಇಳಿಯುತ್ತದೆ. ಸಾಮಾನ್ಯ ಕಾರುಗಳನ್ನು 1ರಿಂದ 1.5ರ ನಡುವೆ ಇರುವಂತೆ ಮಾಡಿರುತ್ತಾರೆ, ನಮ್ಮ ಮೈಗೆ ಹಿತವೆನಿಸುವುದೂ ಅದೇ. ಹೇರಿದ ಪಿಕಪ್ಪು ಕಾರಿನಂತೆ ತೇಲುವುದಕ್ಕೂ ಖಾಲಿ ಪಿಕಪ್ಪು ಹಿಂದೆ ಕೂತವರನ್ನು ಸೀಟಿನಿಂದ ಎತ್ತಿ ಹಾಕುವುದಕ್ಕೂ ಕಾರಣ ಇಷ್ಟೇ.

ಈಗ ನಾನು ಮಾಡಿದಂತೆ ಒಂದು ಪಟ್ಟಿ ಸೇರಿಸಿ ಬಿಗುವನ್ನು, ಅಂದರೆ ಒಂದು ಮಿಲಿಮೀಟರ್ ಬಗ್ಗಿಸಲು ಬೇಕಾದ ಬಲವನ್ನು, 50ರಿಂದ 75 ನ್ಯೂಟನ್ನಿಗೆ ಏರಿಸಿದರೆ ಏನಾಗುತ್ತದೆ? ಆ 800 ಕೆಜಿ ಹೇರಿದಾಗ ಹಿಂಭಾಗ 78 ಮಿಮೀ ಕುಸಿಯುವ ಬದಲು 52 ಮಿಮೀ ಮಾತ್ರ ಕುಸಿಯುತ್ತದೆ; ಭಾರ ಹೊರುವವನಿಗೆ ಇದು ನಿಜಕ್ಕೂ ಲಾಭ. ಆದರೆ ಖಾಲಿ ಗಾಡಿಯ ಕುಣಿತ ಸೆಕೆಂಡಿಗೆ 2.5ಕ್ಕೆ ಏರುತ್ತದೆ, ಬಿಗಿಯಾದ ಪಾಟಾ ಕಲ್ಲಿನ ಮೇಲೆ ಮಣಿಯುವುದಿಲ್ಲ, ಮಣಿಯದ ಪಾಟಾ ಚಕ್ರವನ್ನು ನೆಲದಿಂದ ಎತ್ತಿಬಿಡುತ್ತದೆ. ಪಟ್ಟಿಯ ದಪ್ಪದ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಪಟ್ಟಿಯ ಬಿಗುವು ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. 8 ಮಿಮೀ ಪಟ್ಟಿಯ ಜಾಗದಲ್ಲಿ ಅದೇ ಉದ್ದದ 10 ಮಿಮೀ ಪಟ್ಟಿ ಹಾಕಿದರೆ ಆ ಒಂದು ಪಟ್ಟಿಯ ಬಿಗುವು ಸರಿಸುಮಾರು ಎರಡು ಪಟ್ಟಾಗುತ್ತದೆ. ಕೈಯಲ್ಲಿ ಹಿಡಿದು ನೋಡಿದರೆ ಎರಡರ ನಡುವೆ ಎರಡು ನಾಣ್ಯದ ವ್ಯತ್ಯಾಸವೂ ಕಾಣುವುದಿಲ್ಲ.

ಭೋಸರಿಯಲ್ಲಿ ಇಂಡಿ ತಾಲ್ಲೂಕಿನ ಕಡೆಯ ಹಿರಿಯ ಮೇಸ್ತ್ರಿಯೊಬ್ಬರು ಪಾಟಾ ಕೆಲಸವನ್ನೇ ಮಾಡುತ್ತಾರೆ. ನಮ್ಮ ಕಡೆಯ ಚಾಲಕರೆಲ್ಲ ಅವರನ್ನು ಕಾಕಾ ಎನ್ನುತ್ತಾರೆ. ರಾಜಮಾಚಿಯಿಂದ ಹೇಗೋ ಮರಳಿ ಬಂದು ಗಾಡಿಯನ್ನು ಅವರ ಮುಂದೆ ನಿಲ್ಲಿಸಿದಾಗ ಅವರು ಗಾಡಿಯ ಕೆಳಗೆ ಇಣುಕಲೂ ಇಲ್ಲ, ಹಿಂದಿನ ಪೆಟ್ಟಿಗೆಯ ಬಾಗಿಲು ತೆಗೆದು ಒಳಗೆ ನೋಡಿದರು. "ಖಾಲಿ ಓಡಸ್ತೀರೋ, ಹೇರಿ ಓಡಸ್ತೀರೋ, ಅದನ್ನ ಮೊದಲ ಹೇಳ್ರಿ ಸಾಹೇಬ್ರ. ಪಾಟಾ ಆಮ್ಯಾಲ ನೋಡೂಣು." ನನ್ನ ಬಳಿ ಉತ್ತರವಿರಲಿಲ್ಲ. ವರ್ಷದಲ್ಲಿ ಮುನ್ನೂರು ದಿನ ನಾನು ಖಾಲಿಯಾಗಿಯೇ ಓಡಿಸುತ್ತೇನೆ, ಉಳಿದ ದಿನಗಳಲ್ಲಿ ಡೇರೆ, ನೀರು, ಒಲೆ ಎಲ್ಲ ಸೇರಿದರೂ ನೂರೈವತ್ತು ಕೆಜಿ ದಾಟುವುದಿಲ್ಲ ಎಂದಾಗ, ಅವರು ಸೇರಿಸಿದ ಪಟ್ಟಿಯನ್ನು ಬಿಚ್ಚಿಸಿದರು. ಅಮೃತಶಿಲೆ ಸಾಗಿಸುವವನಿಗೂ ವಾರಾಂತ್ಯಕ್ಕೆ ಬೆಟ್ಟ ಹತ್ತುವವನಿಗೂ ಒಂದೇ ಪಾಟಾ ಸರಿಹೋಗುವುದಿಲ್ಲ ಎಂಬ ಸರಳ ಮಾತನ್ನು ನಾನು ಎರಡು ಸಲ ಕೂಲಿ ಕೊಟ್ಟು ಕಲಿತಂತಾಯಿತು. ಒಳ್ಳೆಯ ಪರ್ಯಾಯ ಪಾಟಾಗಳು ಸಿಗುತ್ತವೆ. ಅವು ತೆಳುವಾದ, ಹೆಚ್ಚು ಸಂಖ್ಯೆಯ, ಹೆಚ್ಚು ಬಾಗಿದ ಪಟ್ಟಿಗಳನ್ನು ಹೊಂದಿದ್ದು, ಕೆಳಗಿನ ಒಂದೆರಡು ದಪ್ಪ ಪಟ್ಟಿಗಳು ಭಾರ ಬಿದ್ದಾಗ ಮಾತ್ರ ತಾಗಿ ಕೆಲಸಕ್ಕೆ ಬರುತ್ತವೆ. ಕೊಳ್ಳುವಾಗ ನಮ್ಮ ಗಾಡಿಯ ನಿಜವಾದ ತೂಕವನ್ನು ಹೇಳಿ ಕೊಳ್ಳಬೇಕು. ಯಾವುದಾದರೂ ತೂಕದ ಕಾಟಾದಲ್ಲಿ ಮುಂದಿನ ಚಕ್ರಗಳನ್ನೂ ಹಿಂದಿನ ಚಕ್ರಗಳನ್ನೂ ಬೇರೆ ಬೇರೆಯಾಗಿ ತೂಗಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಪಾಟಾವನ್ನು ಎತ್ತರಿಸುವ ಇನ್ನೆರಡು ಅಗ್ಗದ ಉಪಾಯಗಳಿವೆ. ಒಂದು, ಪಾಟಾದ ತುದಿ ತೂಗುವ ಶ್ಯಾಕಲ್ಲನ್ನು ಉದ್ದ ಮಾಡುವುದು. ಶ್ಯಾಕಲ್ ಎಷ್ಟು ಉದ್ದವಾಯಿತೋ ಅದರ ಅರ್ಧದಷ್ಟು ಮಾತ್ರ ಗಾಡಿ ಏರುತ್ತದೆ, ಜೊತೆಗೆ ಅಚ್ಚು ಸ್ವಲ್ಪ ಹೊರಳಿ, ಹಿಂದಿನ ಅಚ್ಚಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ. ಇನ್ನೊಂದು, ಪಾಟಾಕ್ಕೂ ಅಚ್ಚಿಗೂ ನಡುವೆ ಕಬ್ಬಿಣದ ಬ್ಲಾಕ್ ತುರುಕುವುದು. ಬ್ಲಾಕು ಎತ್ತರವಾದಷ್ಟೂ ಏರಿನಲ್ಲಿ ಆಕ್ಸಲರೇಟರ್ ಒತ್ತಿದಾಗ ಅಚ್ಚು ಪಾಟಾವನ್ನು ತಿರುಚುವ ಸನ್ನೆ ಉದ್ದವಾಗುತ್ತದೆ, ಪಟ್ಟಿಗಳು ಎಸ್ ಆಕಾರಕ್ಕೆ ಬಾಗಿ ಪಟ್ಟನೆ ಮರಳುತ್ತವೆ. ನಾನಾದರೆ ಎರಡನ್ನೂ ಬೇಡವೆನ್ನುತ್ತೇನೆ.

ಇನ್ನು ಶಾಕಪ್. ನನ್ನ ಅಭಿಪ್ರಾಯದಲ್ಲಿ ಮೊದಲ ದುಡ್ಡು ಹೋಗಬೇಕಾದದ್ದು ಇಲ್ಲಿಗೆ, ಸ್ಪ್ರಿಂಗಿಗಲ್ಲ. ಸ್ಪ್ರಿಂಗು ಶಕ್ತಿಯನ್ನು ನುಂಗಿ ಇಟ್ಟುಕೊಳ್ಳುತ್ತದೆ, ಇಟ್ಟುಕೊಂಡದ್ದನ್ನು ತಪ್ಪದೆ ಹಿಂದಿರುಗಿಸುತ್ತದೆ. ಆ ಶಕ್ತಿಯನ್ನು ನಿಜವಾಗಿ ಕೊಲ್ಲುವುದು ಶಾಕಪ್. ಅದರೊಳಗಿನ ಪಿಸ್ಟನ್ನು ಎಣ್ಣೆಯನ್ನು ಸಣ್ಣ ರಂಧ್ರಗಳ ಮತ್ತು ಬಿಲ್ಲೆಗಳಂಥ ಕವಾಟಗಳ ಮೂಲಕ ಹಿಂಡುತ್ತದೆ, ಗಾಡಿಯ ಕುಣಿತವೆಲ್ಲ ಎಣ್ಣೆಯ ಬಿಸಿಯಾಗಿ ಬದಲಾಗುತ್ತದೆ. ಹೆದ್ದಾರಿಯಲ್ಲಿ ಇದು ಗಮನಕ್ಕೂ ಬರುವುದಿಲ್ಲ. ಕಲ್ಲುದಾರಿಯಲ್ಲಿ ಒಂದು ಗಂಟೆ ಒಂದೇ ಸಮನೆ ಕುಲುಕಿದ ಮೇಲೆ ಇಳಿದು ಹಿಂದಿನ ಶಾಕಪ್ಪಿನ ಮೈಮೇಲೆ ಬೆರಳಿಟ್ಟರೆ ಎರಡು ಎಣಿಸುವಷ್ಟರಲ್ಲಿ ಕೈ ತೆಗೆಯಬೇಕಾಗುತ್ತದೆ. ಕಾದ ಎಣ್ಣೆ ತೆಳುವಾಗುತ್ತದೆ, ಜೊತೆಗೆ ಗಾಳಿ ಬೆರೆತು ನೊರೆಯಾಗುತ್ತದೆ. ನೊರೆಯನ್ನು ಹಿಂಡಲು ಪಿಸ್ಟನ್ನಿಗೆ ಶ್ರಮವೇ ಬೇಡ. ಹೊರಟಾಗ ಗಟ್ಟಿಯಾಗಿದ್ದ ಗಾಡಿ ಹತ್ತನೆಯ ಕಿಲೋಮೀಟರಿಗೆ ದೋಣಿಯಂತೆ ತೂಗತೊಡಗುವುದು ಇದರಿಂದ.

ಕಾರ್ಖಾನೆಯಿಂದ ಬರುವ ಶಾಕಪ್‌ಗಳು ಹೆಚ್ಚಾಗಿ ಜೋಡಿ ಕೊಳವೆಯವು: ಒಳಕೊಳವೆಯಲ್ಲಿ ಪಿಸ್ಟನ್ನು, ಹೊರಕೊಳವೆಯಲ್ಲಿ ಹೆಚ್ಚುವರಿ ಎಣ್ಣೆ. ಒಳಗೆ ಹುಟ್ಟಿದ ಬಿಸಿ ಹೊರಕೊಳವೆಯನ್ನು ದಾಟಿ ಬರಬೇಕಾದ್ದರಿಂದ ತಣಿಯುವುದು ನಿಧಾನ. ಒಂಟಿ ಕೊಳವೆಯ ಶಾಕಪ್‌ಗಳಲ್ಲಿ ಎಣ್ಣೆ ಹೊರಮೈಗೇ ತಾಗಿರುತ್ತದೆ, ಒತ್ತಡದ ನೈಟ್ರೋಜನ್ನನ್ನು ತೇಲುವ ಒಂದು ಪಿಸ್ಟನ್ನು ಎಣ್ಣೆಯಿಂದ ಬೇರ್ಪಡಿಸಿರುತ್ತದೆ; ಆದ್ದರಿಂದ ಬೇಗ ತಣಿಯುತ್ತವೆ, ನೊರೆ ಕಟ್ಟುವುದೂ ಕಡಿಮೆ. ಆದರೆ ಅವುಗಳ ಒಂಟಿ ಗೋಡೆಗೆ ಚೂಪಾದ ಕಲ್ಲು ಬಡಿದು ತಗ್ಗು ಬಿದ್ದರೆ ಪಿಸ್ಟನ್ನು ಅಲ್ಲೇ ಸಿಕ್ಕಿಕೊಳ್ಳುತ್ತದೆ, ಜೋಡಿ ಕೊಳವೆಯಾಗಿದ್ದರೆ ಅಂಥ ಪೆಟ್ಟನ್ನು ತಡೆದುಕೊಳ್ಳುತ್ತಿತ್ತು. ಸಹ್ಯಾದ್ರಿಯಲ್ಲಿ ನಾವು ನಡೆಸುವುದು ಗಂಟೆಗೆ ಹತ್ತು ಹದಿನೈದು ಕಿಲೋಮೀಟರಿನ ನಿಧಾನದ ಪಯಣ, ಮರುಭೂಮಿಯ ಓಟವಲ್ಲ. ಹಾಗಾಗಿ ದಪ್ಪ ಮೈಯ, ಹೆಚ್ಚು ಎಣ್ಣೆ ಹಿಡಿಯುವ ಜೋಡಿ ಕೊಳವೆಯ ಗ್ಯಾಸ್ ಶಾಕಪ್‌ಗಳೇ ಇಲ್ಲಿಗೆ ಸಾಕು. ಪ್ರತ್ಯೇಕ ಎಣ್ಣೆಡಬ್ಬಿ ಕಟ್ಟಿಕೊಂಡ ದುಬಾರಿ ಶಾಕಪ್‌ಗಳನ್ನು ಪುಣೆಯ ಸಂಚಾರದಲ್ಲಿ ನೋಡಿದಾಗ, ಮದುವೆಯ ಪೇಟ ಕಟ್ಟಿಕೊಂಡು ತರಕಾರಿ ತರಲು ಹೊರಟವರನ್ನು ಕಂಡಂತಾಗುತ್ತದೆ.

ಶಾಕಪ್ಪಿನ ಉದ್ದದ ಬಗ್ಗೆ ಯಾರೂ ಕೇಳುವುದಿಲ್ಲ, ಕೇಳಬೇಕು. ನನ್ನ ಹಿಂಬದಿಯ 'ಟಕ್' ಸದ್ದಿನ ಗುಟ್ಟು ಇಲ್ಲಿದೆ. ಪಾಟಾ ಎತ್ತರಿಸಿ ಹಳೆಯ ಶಾಕಪ್ಪನ್ನೇ ಉಳಿಸಿಕೊಂಡರೆ, ಗಾಡಿ ಸುಮ್ಮನೆ ನಿಂತಿರುವಾಗಲೇ ಶಾಕಪ್ಪು ಮುಕ್ಕಾಲು ಹಿಗ್ಗಿರುತ್ತದೆ. ಚಕ್ರ ತಗ್ಗಿಗೆ ಇಳಿಯಹೋದಾಗ ಅದು ಪೂರ್ತಿ ಹಿಗ್ಗಿ, ಪಿಸ್ಟನ್ನು ಕೊಳವೆಯ ನೆತ್ತಿಗೆ ಬಡಿದು, ಚಕ್ರವನ್ನು ಗಾಳಿಯಲ್ಲೇ ಹಿಡಿದು ನಿಲ್ಲಿಸುತ್ತದೆ. ಎತ್ತರ ಹೆಚ್ಚಿತು, ಓಡಾಟ ಕಡಿಮೆಯಾಯಿತು. ಹಾಗೆಂದು ತೀರ ಉದ್ದದ್ದನ್ನು ಹಾಕಿದರೆ ಚಕ್ರ ಮೇಲೇರಿದಾಗ ಅದನ್ನು ತಡೆಯುವ ರಬ್ಬರ್ ದಿಂಬು, ಅಂದರೆ ಬಂಪ್ ಸ್ಟಾಪ್, ತಾಗುವ ಮೊದಲೇ ಶಾಕಪ್ಪು ಮುಚ್ಚಿಕೊಂಡು ಒಡೆಯುತ್ತದೆ. ಬಿಗುವಾದ ಸ್ಪ್ರಿಂಗು ಹಾಕಿದವರು ಅದಕ್ಕೆ ತಕ್ಕ ಕವಾಟವಿರುವ ಶಾಕಪ್ಪನ್ನೇ ಹಾಕಬೇಕು. ಇಲ್ಲದಿದ್ದರೆ ಸ್ಪ್ರಿಂಗು ಹಿಂದಿರುಗಿಸುವ ಶಕ್ತಿಯನ್ನು ತಡೆಯುವವರೇ ಇರುವುದಿಲ್ಲ.

ಮುಂಭಾಗದ ಕತೆ ಇನ್ನಷ್ಟು ಸೂಕ್ಷ್ಮ. ಸ್ಪ್ರಿಂಗು ಮತ್ತು ಶಾಕಪ್ಪಿನ ಜೋಡಿ ಕೆಳತೋಳಿನ ತುದಿಯಲ್ಲಿ ಕೂತಿರುವುದಿಲ್ಲ, ನಡುವಿಗೆ ಹತ್ತಿರ ಇರುತ್ತದೆ; ಅದರಿಂದ ಅದರ ನೆತ್ತಿಯ ಮೇಲೆ 25 ಮಿಮೀ ಸ್ಪೇಸರ್ ಇಟ್ಟರೆ ಚಕ್ರದ ಬಳಿ ಏರಿಕೆ 40ರಿಂದ 50 ಮಿಮೀ ಆಗುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಎತ್ತರ ಎಂಬ ಆಸೆ ಹುಟ್ಟುವುದು ಇಲ್ಲಿಯೇ. ಆದರೆ ಸ್ಪೇಸರ್ ಇಡೀ ಜೋಡಿಯನ್ನು ಕೆಳಕ್ಕೆ ತಳ್ಳುವುದರಿಂದ, ಚಕ್ರ ಪೂರ್ತಿ ಇಳಿದಾಗ ಮೂಲ ವಿನ್ಯಾಸಕ್ಕಿಂತಲೂ ಕೆಳಗೆ ತೂಗುತ್ತದೆ. ಆಗ ಡ್ರೈವ್ ಶಾಫ್ಟು ಕಡಿದಾದ ಕೋನದಲ್ಲಿ ನಿಂತು ತಿರುಗುತ್ತದೆ, ಸಿವಿ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತವೆ, ಮೇಲ್ತೋಳಿನ ಬಾಲ್ ಜಾಯಿಂಟ್ ತನ್ನ ಮಿತಿಯನ್ನು ಮುಟ್ಟುತ್ತದೆ, ಕೆಲವು ಗಾಡಿಗಳಲ್ಲಿ ಮೇಲ್ತೋಳು ಸ್ಪ್ರಿಂಗಿಗೇ ತಾಗುತ್ತದೆ. ಪ್ರತ್ಯೇಕ ಸಸ್ಪೆನ್ಷನ್ನಿನ ಮುಂಭಾಗಕ್ಕೆ 40ರಿಂದ 50 ಮಿಮೀ ಏರಿಕೆಯೇ ಸಾಮಾನ್ಯವಾಗಿ ಸುರಕ್ಷಿತ ಗಡಿ. ಅದನ್ನು ದಾಟುವವರು ಮೇಲ್ತೋಳುಗಳನ್ನು ಬದಲಿಸಬೇಕು, ಮುಂದಿನ ಡಿಫರೆನ್ಷಿಯಲ್ಲನ್ನು ಕೆಳಗಿಳಿಸಿ ಕೂರಿಸಬೇಕು. ಖರ್ಚು ಬೆಳೆಯುತ್ತಾ ಹೋಗುತ್ತದೆ.

ಮುಂಭಾಗ ಏರಿದಾಗ ಕ್ಯಾಸ್ಟರ್ ಕೋನವೂ, ಅಂದರೆ ಮುಂದಿನ ಚಕ್ರ ಹೊರಳುವ ಅಕ್ಷ ಹಿಂದಕ್ಕೆ ವಾಲಿರುವ ಕೋನವೂ, ಕಡಿಮೆಯಾಗುತ್ತದೆ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದು ಈ ಕೋನದ ಕೃಪೆಯಿಂದ. ಅದು ಕುಂದಿದರೆ ಕಚ್ಚಾ ದಾರಿಯಲ್ಲಿ ಏನೂ ಅನಿಸುವುದಿಲ್ಲ, ಮುಂಬಯಿ–ಪುಣೆ ಎಕ್ಸ್‌ಪ್ರೆಸ್ ವೇಯಲ್ಲಿ ಲಾರಿಯೊಂದನ್ನು ದಾಟುವಾಗ ಗಾಡಿ ಅತ್ತಿತ್ತ ಅಲೆದಾಡಿದಾಗ ಅರಿವಾಗುತ್ತದೆ. ಆದ್ದರಿಂದ ಎತ್ತರಿಸಿದ ದಿನವೇ ಅಲೈನ್‌ಮೆಂಟ್ ಮಾಡಿಸಿ, ಅಂಕಿಗಳ ಚೀಟಿಯನ್ನು ಕೈಗೆ ಪಡೆಯಬೇಕು. ಟೋ, ಅಂದರೆ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಓರೆ, ಅದನ್ನಷ್ಟೇ ಸರಿಪಡಿಸಿ ಕ್ಯಾಸ್ಟರ್ ಮುಟ್ಟದೆ ಕಳಿಸುವ ಕಡೆಗಳೇ ಹೆಚ್ಚು.

ಇಷ್ಟೆಲ್ಲ ಮಾಡಿದ ಮೇಲೆ ನಿಜವಾಗಿ ದಕ್ಕುವ ಎತ್ತರವೆಷ್ಟು? ಹಿಂದಿನ ಅಚ್ಚಿನ ನಡುವಿನ ಉಬ್ಬು, ಅಂದರೆ ಡಿಫರೆನ್ಷಿಯಲ್ಲಿನ ಪೆಟ್ಟಿಗೆ, ಒಂದು ಮಿಲಿಮೀಟರೂ ಏರುವುದಿಲ್ಲ. ಅಚ್ಚು ಚಕ್ರಗಳಿಗೇ ಅಂಟಿಕೊಂಡಿದೆ, ಪಾಟಾ ಎತ್ತುವುದು ಅದರ ಮೇಲಿನ ಚಾಸಿಯನ್ನು ಮಾತ್ರ. ಅಚ್ಚನ್ನು ಎತ್ತಬಲ್ಲದ್ದು ದೊಡ್ಡ ಟೈರು ಒಂದೇ, ಅದೂ ವ್ಯಾಸದ ಹೆಚ್ಚಳದ ಅರ್ಧದಷ್ಟು. 265/60 ಆರ್18 ಟೈರಿನ ವ್ಯಾಸ ಸುಮಾರು 775 ಮಿಮೀ. ಅದರ ಬದಲು 265/65 ಆರ್18 ಹಾಕಿದರೆ ಸುಮಾರು 802 ಮಿಮೀ, ಅಚ್ಚಿಗೆ ಸಿಗುವ ಏರಿಕೆ 13 ಮಿಮೀ, ಸ್ಪೀಡೋಮೀಟರಿನಲ್ಲಿ ಶೇ. 3ಕ್ಕಿಂತ ಹೆಚ್ಚಿನ ತಪ್ಪು. ಚಾಸಿಯ ಏರಿಕೆಗೆ ಬೆಲೆಯಿಲ್ಲವೆಂದಲ್ಲ. ಹೈಲಕ್ಸ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 3,085 ಮಿಮೀ. ಇಷ್ಟು ಉದ್ದದ ಗಾಡಿ ದಿಣ್ಣೆಯ ನೆತ್ತಿಯನ್ನು ದಾಟುವಾಗ ಹೊಟ್ಟೆ ತಾಗಿ ಕೂರುವುದೇ ದೊಡ್ಡ ಭಯ. ನಡುಭಾಗ ನೆಲದಿಂದ 220 ಮಿಮೀ ಮೇಲಿದೆ ಎಂದುಕೊಂಡು, ಟೈರಿನ ದುಂಡುತನವನ್ನು ಲೆಕ್ಕಕ್ಕೆ ಹಿಡಿಯದೆ ಎಣಿಸಿದರೆ, ಹೊಟ್ಟೆ ತಾಗದೆ ದಾಟಬಹುದಾದ ದಿಣ್ಣೆಯ ಕೋನ 16 ಡಿಗ್ರಿ. 50 ಮಿಮೀ ಏರಿಸಿದರೆ 20 ಡಿಗ್ರಿ. ಈ ನಾಲ್ಕು ಡಿಗ್ರಿ ತಾಮ್ಹಿಣಿ ಘಾಟಿನ ಒಳದಾರಿಗಳಲ್ಲಿ ಉಪಯೋಗಕ್ಕೆ ಬರುತ್ತದೆ.

ಆದರೆ ಅದಕ್ಕೆ ತೆರುವ ಬೆಲೆಯೂ ಇದೆ. ಎಡಬಲ ಚಕ್ರಗಳ ನಡುವೆ 1,540 ಮಿಮೀ ಅಗಲ, ಭಾರಕೇಂದ್ರ 700 ಮಿಮೀ ಎತ್ತರದಲ್ಲಿದೆ ಎಂದಿಟ್ಟುಕೊಂಡರೆ, ಅದನ್ನು 750ಕ್ಕೆ ಏರಿಸಿದಾಗ ಗಾಡಿ ಪಕ್ಕಕ್ಕೆ ಮಗುಚುವ ಇಳಿಜಾರಿನ ಕೋನ ಸುಮಾರು 48ರಿಂದ 46 ಡಿಗ್ರಿಗೆ ಇಳಿಯುತ್ತದೆ. ಕಾಗದದ ಮೇಲೆ ಚಿಕ್ಕದು. ಅರ್ಧ ಇಳಿಜಾರಿನಲ್ಲಿ ಓರೆಯಾಗಿ ನಿಂತು, ಮೇಲ್ಭಾಗದ ಚಕ್ರ ಒಂದು ಕಲ್ಲು ಹತ್ತುವಾಗ ಆ ಎರಡು ಡಿಗ್ರಿಯ ನೆನಪು ಖಂಡಿತ ಬರುತ್ತದೆ.

ಅನೇಕ ಪಿಕಪ್‌ಗಳಲ್ಲಿ ಹಿಂದಿನ ಅಚ್ಚಿಗೂ ಚಾಸಿಗೂ ನಡುವೆ ಒಂದು ಸಣ್ಣ ಕಡ್ಡಿ ಜೋಡಿಸಿದ್ದು, ಭಾರ ಹೆಚ್ಚಿ ಚಾಸಿ ಇಳಿದಾಗ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುವ ಕವಾಟವನ್ನು ಅದು ನಡೆಸುತ್ತದೆ. ಪಾಟಾ ಎತ್ತರಿಸಿದರೆ ಆ ಕವಾಟಕ್ಕೆ ಗಾಡಿ ಸದಾ ಖಾಲಿಯೆಂದೇ ತೋರುತ್ತದೆ, ಹೇರಿದ ಗಾಡಿಯಲ್ಲೂ ಹಿಂದಿನ ಬ್ರೇಕು ಕಡಿಮೆ ಹಿಡಿಯುತ್ತದೆ. ಕಡ್ಡಿಯನ್ನು ಹೊಸ ಎತ್ತರಕ್ಕೆ ಹೊಂದಿಸುವುದು ಹತ್ತು ನಿಮಿಷದ ಕೆಲಸ, ನನ್ನ ಗಾಡಿಯಲ್ಲಿ ಮಾಡಿರಲಿಲ್ಲ. ಬ್ರೇಕಿನ ರಬ್ಬರ್ ಪೈಪು ಮತ್ತು ಎಬಿಎಸ್ ತಂತಿ ಚಕ್ರ ಪೂರ್ತಿ ಇಳಿದಾಗ ಬಿಗಿಯುತ್ತವೆಯೇ ಎಂಬುದನ್ನು ಜಾಕ್ ಹಾಕಿ ನೋಡಬೇಕು. ಹೆಡ್‌ಲೈಟುಗಳನ್ನೂ ತಗ್ಗಿಸಬೇಕು.

ಕಾನೂನಿನ ಮಾತನ್ನು ಗ್ಯಾರೇಜಿನವರು ಎತ್ತುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ತಯಾರಕರು ನಮೂದಿಸಿದ ಮೂಲ ವಿವರಗಳಿಗಿಂತ ನೋಂದಣಿ ಪತ್ರದ ವಿವರಗಳು ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಕಟ್ಟುನಿಟ್ಟಾಗಿಯೇ ಅರ್ಥೈಸಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸೆರೆ, ಅಥವಾ ಎರಡೂ ಆಗಬಹುದು. ಗಾಡಿಯೊಂದನ್ನು ಮಾರುಕಟ್ಟೆಗೆ ಬಿಡುವ ಮುನ್ನ ಅದರ ಬ್ರೇಕು, ದೀಪ ಎಲ್ಲವನ್ನೂ ಪರೀಕ್ಷಿಸುವ ಎಆರ್‌ಎಐ ಸಂಸ್ಥೆ ಇರುವುದು ನಮ್ಮ ಪುಣೆಯ ವೇತಾಳ ಟೇಕಡಿಯ ಮೇಲೆಯೇ. ಹಾಗೆ ಪರೀಕ್ಷೆಗೊಂಡ ಎತ್ತರವನ್ನು ನಾವು ಬದಲಿಸುತ್ತಿದ್ದೇವೆ ಎಂಬುದನ್ನು ಮರೆಯಬಾರದು. ಮೂಲ ಎತ್ತರ ಕೆಡದಂತೆ ಉತ್ತಮ ಶಾಕಪ್ಪು ಹಾಕಿಸುವುದಕ್ಕೂ ನಾಲ್ಕು ಇಂಚು ಏರಿಸುವುದಕ್ಕೂ ಅಜಗಜಾಂತರ. ಏನೇ ಮಾಡಿದರೂ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ, ಆರ್‌ಟಿಒದಲ್ಲಿ ವಿಚಾರಿಸಿ ಮುಂದುವರಿಯಬೇಕು.

ಗೋವಾದ ಕಡೆಗೆ ಹೋಗುವವರಿಗೆ ಒಂದು ಮಾತು. ಅಲ್ಲಿನ ಕಡಲತೀರದ ಮರಳಿನ ಮೇಲೆ ವಾಹನ ಓಡಿಸುವುದು ನಿಷಿದ್ಧ, ಆ ಆಸೆಯನ್ನು ಬಿಡಬೇಕು. ದೂಧ್‌ಸಾಗರದ ಕಡೆ ಹೊಳೆ ದಾಟುವ ಬಾಡಿಗೆ ಜೀಪುಗಳ ಪಾಟಾಗಳನ್ನು ಗಮನಿಸಿ ನೋಡಿ, ಮೆರುಗೇನೂ ಇರುವುದಿಲ್ಲ. ಆದರೆ ನೀರು ದಾಟುವ ಗಾಡಿಗೆ ಶ್ಯಾಕಲ್ಲಿನ ಗ್ರೀಸೇ ಜೀವ. ಓಡಿ ಕಾದ ಅಚ್ಚು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಗೆಳೆಯುತ್ತದೆ. ಅಚ್ಚಿನ ಉಸಿರುಕೊಳವೆಯನ್ನು ರಬ್ಬರ್ ನಳಿಕೆಯಿಂದ ಎತ್ತರಕ್ಕೆ ಒಯ್ದರೆ ಆ ಕಾಟ ತಪ್ಪುತ್ತದೆ. ಪಾಟಾದ ಬುಷ್‌ಗಳಿಗೆ ಪಾಲಿಯುರೆಥೇನ್ ಹಾಕಿಸುವ ರೂಢಿ ಬಂದಿದೆ. ಅದು ಬಾಳಿಕೆ ಬರುತ್ತದೆ ನಿಜ, ಕೆಸರು ಹೊಕ್ಕಾಗ ಕೀಚಲು ಸದ್ದನ್ನೂ ಮಾಡುತ್ತದೆ. ದಿನದ ಓಡಾಟಕ್ಕೆ ರಬ್ಬರೇ ಹಿತ.

ನನ್ನ ಗಾಡಿ ಈಗ ಕಾರ್ಖಾನೆಯ ಎತ್ತರಕ್ಕಿಂತ 30 ಮಿಮೀ ಮಾತ್ರ ಮೇಲಿದೆ. ಸ್ಪೇಸರ್ ತೆಗೆಸಿ, ಮುಂದೆ ತುಸು ಉದ್ದದ ಸ್ಪ್ರಿಂಗು, ನಾಲ್ಕೂ ಕಡೆ ಅದಕ್ಕೆ ಹೊಂದುವ ಉದ್ದದ ಶಾಕಪ್ಪು, ಹಿಂದೆ ಮೊದಲಿನ ಪಾಟಾ. ಕಚ್ಚಾ ದಾರಿ ಸಿಕ್ಕಾಗ ಟೈರಿನ ಗಾಳಿಯನ್ನು 34ರಿಂದ 22 ಪಿಎಸ್‌ಐಗೆ ಇಳಿಸುತ್ತೇನೆ. ಖರ್ಚಿಲ್ಲದ ಈ ಒಂದು ಕೆಲಸ ಸ್ಪೇಸರ್ ಕೊಟ್ಟದ್ದಕ್ಕಿಂತ ಹೆಚ್ಚು ಹಿಡಿತ ಕೊಟ್ಟಿದೆ. ಕೆಲಸ ಮುಗಿದ ದಿನ ಕಾಕಾ ಟೇಪು ಹಿಡಿದು ನಾಲ್ಕೂ ಚಕ್ರಗಳ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದು, ಅಂಕಿಗಳನ್ನು ಸೀಮೆಸುಣ್ಣದಿಂದ ಚಾಸಿಯ ಒಳಮೈಗೆ ಬರೆದರು. ಸಾವಿರ ಕಿಲೋಮೀಟರ್ ಓಡಿಸಿ ಬರಲು ಹೇಳಿದ್ದರು, ಹೋದೆ. ಪಾಟಾವನ್ನು ಅಚ್ಚಿಗೆ ಬಿಗಿದು ಹಿಡಿಯುವ ಯು-ಬೋಲ್ಟಿನ ನಟ್ಟುಗಳಿಗೆ ಪಾನಾ ಹಾಕಿದರೆ ಎಂಟರಲ್ಲಿ ಮೂರು ಅರ್ಧ ಸುತ್ತು ತಿರುಗಿದವು. ಮತ್ತೆ ಅಳೆದಾಗ ಮುಂದಿನ ಬಲಭಾಗ, ಅಂದರೆ ನಾನು ಕೂರುವ ಬದಿ, 6 ಮಿಮೀ ಕೂತಿತ್ತು. ಕಾಕಾ ಹಳೆಯ ಅಂಕಿಯನ್ನು ಬಟ್ಟೆಯಿಂದ ಒರೆಸಿ ಹೊಸದನ್ನು ಬರೆದರು.